ನಲವತ್ತು ಪ್ರಾಣಿಗಳಿಗೆ ಒಂದು ರೇಟು

ಮಗಳ ಯೂನಿಫಾರಂಗೆ ನಾನು ಇಸ್ತ್ರಿ ಹಾಕುವುದು ಗಾಜು ಕತ್ತರಿಸುವ ಮೇಜಿನ ಮೇಲೆಯೇ. ಮನೆಯ ಮುಂದಿನ ಕೋಣೆಯೇ ನಮ್ಮ ಫೋಟೋ ಫ್ರೇಮಿನ ಅಂಗಡಿ; ಅಷ್ಟು ದೊಡ್ಡ ಮೇಜು ಮನೆಯಲ್ಲಿ ಇನ್ನೊಂದಿಲ್ಲ. ಅವತ್ತು ಲಂಗದ ನೆರಿಗೆ ಅರ್ಧ ಮುಗಿದಿತ್ತು. ಅಷ್ಟರಲ್ಲಿ ಗಂಡಸೊಬ್ಬರು ದೊಡ್ಡ ಚೀಲ ಹಿಡಿದು ಒಳಗೆ ಬಂದರು.

“ಇಸ್ತ್ರಿ ಅಂಗಡೀನಾ ಇದು? ನಾನು ಫ್ರೇಮ್ ಅಂಗಡಿ ಅಂದುಕೊಂಡು ಬಂದೆ.”

“ಫ್ರೇಮ್ ಅಂಗಡೀನೇ. ಇಸ್ತ್ರಿ ನನ್ನ ಮಗಳಿಗೆ ಮಾತ್ರ.”

ಪರದೆಯ ಹಿಂದೆ ಟವೆಲ್ ಸುತ್ತಿಕೊಂಡು ನಿಂತಿದ್ದ ಮಗಳು ಕೂಗಿದಳು. “ಅಮ್ಮ, ಲಂಗ ಕೊಡು, ಲೇಟಾಯ್ತು.”

“ಮೊದಲು ಮಗಳ ಕೆಲಸ ಆಗಲಿ,” ಅಂದರು ಬಂದವರು. “ನನ್ನ ಪೇಷೆಂಟ್‌ಗಳು ಯಾರೂ ಬಟ್ಟೆ ಹಾಕೋದಿಲ್ಲ. ಕಾಯ್ತಾರೆ.”

ನಾನು ಗಾಬರಿಯಾಗಿ ತಲೆ ಎತ್ತಿದೆ. ಅವರು ಚೀಲದಿಂದ ಒಂದೊಂದೇ ಫೋಟೋ ತೆಗೆದು ಮೇಜಿನ ಅಂಚಿಗೆ ಜೋಡಿಸುತ್ತಿದ್ದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಕರು. ಮೂರೇ ಕಾಲಿನ ನಾಯಿ. ಔಷಧಿ ಕುಡಿದು ಮುಖ ಕಿವುಚಿದ ಮೇಕೆ. ಅವರು ಪಶುವೈದ್ಯರಂತೆ. ಹೊಸ ಕ್ಲಿನಿಕ್ ತೆರೆಯುತ್ತಿದ್ದಾರಂತೆ. ತಾವು ವಾಸಿ ಮಾಡಿದ ಪ್ರಾಣಿಗಳೆಲ್ಲ ಗೋಡೆಯ ಮೇಲೆ ಇರಬೇಕಂತೆ.

“ಒಟ್ಟು ನಲವತ್ತಿವೆ. ಎಲ್ಲಾ ಸೇರಿಸಿ ಒಂದು ರೇಟು ಹೇಳಿ.”

ಸಾಮಾನ್ಯವಾಗಿ ಗಿರಾಕಿ ಚೀಲ ಕೆಳಗಿಡುವಷ್ಟರಲ್ಲಿ ನಾನು ರೇಟು ಹೇಳಿರುತ್ತೇನೆ. ಆದರೆ ಇಲ್ಲಿ ಒಂದರ ಅಳತೆ ಇನ್ನೊಂದಕ್ಕಿರಲಿಲ್ಲ.

“ಎಲ್ಲಾ ಒಂದೇ ಸೈಜಿಗೆ ಕತ್ತರಿಸಿದರೆ ಕಡಿಮೆಯಾಗುತ್ತೆ ಡಾಕ್ಟರೇ. ಈ ನಾಯಿಯ ಬಾಲ ಸ್ವಲ್ಪ ಹೋಗುತ್ತೆ, ಅಷ್ಟೇ.”

“ಅದರ ಒಂದು ಕಾಲು ನಾನೇ ತೆಗೆದಿದ್ದೀನಿ. ಬಾಲಾನೂ ಹೋದರೆ ಮತ್ತೆ ನನ್ನ ಮುಖ ನೋಡಲ್ಲ.”

ನಾನು ನಕ್ಕೆ. ನಕ್ಕಿದ್ದು ನನಗೇ ಕೇಳಿಸಿತು. ಪರದೆಯ ಸಂದಿಯಿಂದ ಮಗಳು ನನ್ನನ್ನೇ ನೋಡುತ್ತಿದ್ದಳು.

ಹತ್ತಡಿಯ ಮರದ ಪಟ್ಟಿಯಲ್ಲಿ ದೊಡ್ಡ ಫೋಟೋಗೆ ನಾಲ್ಕು ಬದಿ ಕತ್ತರಿಸಿದ ಮೇಲೆ ಒಂದಿಷ್ಟು ತುಂಡು ಉಳಿಯುತ್ತದೆ. ಅದು ಯಾವ ಚಿಕ್ಕ ಫೋಟೋಗೆ ಸರಿಹೋಗುತ್ತದೆ ಎಂದು ಮೊದಲೇ ಜೋಡಿ ಮಾಡಿಟ್ಟುಕೊಂಡರೆ ಮರ ದಂಡವಾಗುವುದಿಲ್ಲ, ರೇಟೂ ಇಳಿಯುತ್ತದೆ. ಅದಕ್ಕೆ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ನೋಡಬೇಕು. ಸಂಜೆ ಬನ್ನಿ ಅಂದೆ. ಬಂದರು. ಮರುದಿನವೂ ಬಂದರು.

ಮಂಡಿಯೂರಿ ಕೂತು ನಾವಿಬ್ಬರೂ ಹಸುವಿನ ಪಕ್ಕಕ್ಕೆ ಗಿಳಿಯನ್ನೂ ಕುದುರೆಯ ಪಕ್ಕಕ್ಕೆ ಮೊಲವನ್ನೂ ಜೋಡಿಸಿದೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಅಳತೆ ಓದುವಾಗ ಅವರು ಟೇಪನ್ನು ನೋಡುತ್ತಿರಲಿಲ್ಲ.

“ಹದಿನಾಲ್ಕು,” ಅಂದರು ಒಮ್ಮೆ.

“ಟೇಪು ಕೆಳಗಿದೆ ಡಾಕ್ಟರೇ.”

“ಓ,” ಎಂದು ಕನ್ನಡಕ ಮೇಲಕ್ಕೆ ತಳ್ಳಿ, ಬಗ್ಗಿ ನೋಡಿ, “ಹನ್ನೊಂದು,” ಅಂದರು. ಅವರ ಕಿವಿ ಕೆಂಪಾಗಿತ್ತು. ನಾನು ಪೆನ್ಸಿಲ್ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದೆ. ಪೆನ್ಸಿಲ್ ನನ್ನ ಮುಡಿಯಲ್ಲೇ ಇತ್ತು.

ಜೋಡಣೆ ಮುಗಿಯಿತು ಅನ್ನುವಷ್ಟರಲ್ಲಿ ಅವರಿಗೆ ಮರೆತುಹೋದ ಇನ್ನೊಂದು ಫೋಟೋ ನೆನಪಾಗುತ್ತಿತ್ತು. ಮತ್ತೆ ಎಲ್ಲ ಕೆದಕಿ ಮೊದಲಿನಿಂದ ಶುರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಬಟಾಣಿ ಬಿಡಿಸುತ್ತ ಕೂತಿದ್ದ ಅತ್ತೆ ಅವರು ಹೋದ ಮೇಲೆ ಬಾಯಿ ತೆರೆದರು. “ಸ್ಕೂಲಿನವರು ನೂರು ಫ್ರೇಮ್ ಕೇಳಿದಾಗ ನಿಂತ ನಿಲುವಿನಲ್ಲೇ ರೇಟು ಹೇಳಿದ್ಯಲ್ಲೇ. ಈ ಡಾಕ್ಟರ್ ಬಂದರೆ ಮಾತ್ರ ನಿನಗೆ ಕೂಡಿಸೋದು ಮರೆತುಹೋಗುತ್ತಾ?”

“ಅಳತೆ ಬೇರೆ ಬೇರೆ ಇದೆ ಅತ್ತೆ.”

“ಹೌದೌದು,” ಅಂದರು. ಬಟ್ಟಲಿನಿಂದ ಕಣ್ಣೆತ್ತದೆ ಮುಂದುವರಿಸಿದರು. “ನನ್ನ ಮಗ ಇದ್ದಾಗ ನೀನು ಹೀಗೇ ನಗ್ತಿದ್ದೆ. ಮತ್ತೆ ಕೇಳಿ ಎಷ್ಟು ಕಾಲವಾಗಿತ್ತು.”

ಮಗಳು ನಡೆಯಲು ಕಲಿಯುವ ಮೊದಲೇ ಅವಳ ಅಪ್ಪ ತೀರಿಕೊಂಡಿದ್ದರು. ನಾನು ಅತ್ತೆಯ ಪಕ್ಕ ಕೂತು ಬಟಾಣಿ ಬಿಡಿಸಿದೆ.

ಮಗಳೂ ಏನೋ ಕೇಳಬೇಕೆಂದು ಒದ್ದಾಡುತ್ತಿದ್ದಳು. ಊಟಕ್ಕೆ ಕೂತಾಗ, “ಅಮ್ಮ, ಆ ಡಾಕ್ಟರ್...” ಎಂದು ಶುರು ಮಾಡುತ್ತಿದ್ದಳು. “ಮೊದಲು ಊಟ ಮಾಡು ಕಂದಾ,” ಎಂದು ನಾನು ತಡೆಯುತ್ತಿದ್ದೆ.

ಭಾನುವಾರ ಬೆಳಿಗ್ಗೆಯೇ ಡಾಕ್ಟರ್ ಬಂದರು. ಮುಖ ಸಪ್ಪೆಯಾಗಿತ್ತು.

“ನಮ್ಮಕ್ಕ ಬೈತಿದ್ದಾಳೆ. ಕ್ಲಿನಿಕ್ಕಿನಲ್ಲಿ ಅವಳೂ ಪಾಲುದಾರಳು. ಬೇರೆ ಅಂಗಡಿಯವರು ಫೋನಿನಲ್ಲೇ ರೇಟು ಹೇಳಿದರಂತೆ. ಇವತ್ತು ನಿಮ್ಮ ರೇಟು ಗೊತ್ತಾಗದಿದ್ದರೆ ಕೆಲಸ ಅವರಿಗೆ.”

ರೇಟು ನನ್ನ ತಲೆಯಲ್ಲಿ ಎರಡನೇ ದಿನದಿಂದಲೇ ತಯಾರಿತ್ತು. ಹೇಳಿದರೆ ಅವರು ಹೂಂ ಅನ್ನುತ್ತಾರೆ, ಫ್ರೇಮ್ ಆಗುತ್ತದೆ, ಆಟೋಗೆ ತುಂಬಿಸಿಕೊಂಡು ಹೋಗುತ್ತಾರೆ. ಆಮೇಲೆ ಈ ಬಾಗಿಲಿಗೆ ಬರಲು ಅವರಿಗೆ ಕಾರಣವೇನಿರುತ್ತದೆ? ಹೇಳದಿದ್ದರೆ ಕೆಲಸವೂ ಇಲ್ಲ, ಅವರೂ ಇಲ್ಲ.

“ಅದಕ್ಕೂ ಮೊದಲು, ಇನ್ನೊಂದು ಉಳಿದುಬಿಟ್ಟಿತ್ತು,” ಎಂದು ಜೇಬಿನಿಂದ ಒಂದು ಫೋಟೋ ತೆಗೆದು ಕೊಟ್ಟರು. ಬಿಳಿ ಬೆಕ್ಕು, ಒಂದು ಕಿವಿ ಮಾತ್ರ ಕಪ್ಪು.

ನಾನು ನೋಡಿದೆ. ಮತ್ತೆ ನೋಡಿದೆ.

“ಇದಕ್ಕೆ ಏನಾಗಿತ್ತು ಡಾಕ್ಟರೇ?”

“ಅದು... ಹೊಟ್ಟೆ ಕೆಟ್ಟಿತ್ತು.”

“ಇದು ನಮ್ಮ ಬೀದಿಯ ಬೆಕ್ಕು. ಕೂತಿರೋದು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ. ಇದಕ್ಕೆ ಯಾವತ್ತೂ ಏನೂ ಆಗಿಲ್ಲ.”

ಒಳಗೆ ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲ, ನಗುವೆಂದು ನಮ್ಮಿಬ್ಬರಿಗೂ ಗೊತ್ತಾಯಿತು.

ಡಾಕ್ಟರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ನನ್ನ ಹತ್ತಿರ ಪೇಷೆಂಟ್‌ಗಳು ಖಾಲಿಯಾಗಿಬಿಟ್ಟರು,” ಅಂದರು ಮೆಲ್ಲಗೆ. “ಮೊನ್ನೆ ತಂದ ಎರಡು ಗಿಳಿನೂ ಪಕ್ಕದ ಮನೆಯವರದು. ಇಲ್ಲಿಗೆ ಬರೋಕೆ ಬೇರೆ ಏನು ಹೇಳಬೇಕೋ ತಿಳೀಲಿಲ್ಲ. ನಿಮಗೆ ಬೇಜಾರಾದರೆ ಇನ್ನು ಬರಲ್ಲ.”

ಕೈಗೆ ಕೆಲಸ ಬೇಕೆನಿಸಿ ನಾನು ಮೇಜು ಒರೆಸತೊಡಗಿದೆ. ಮೇಜು ಶುಭ್ರವಾಗಿಯೇ ಇತ್ತು.

“ಒಂದಕ್ಕೆ ಮುನ್ನೂರ ಎಂಬತ್ತು,” ಅಂದೆ. “ಗಾಜು, ಹಿಂದಿನ ಹಲಗೆ, ಕೊಕ್ಕೆ ಎಲ್ಲಾ ಸೇರಿ. ಗಿಳಿಗಳೂ ಲೆಕ್ಕದಲ್ಲಿವೆ.” ಒರೆಸುವ ಬಟ್ಟೆ ಮಡಚಿ ಬದಿಗಿಟ್ಟೆ. “ಈ ರೇಟು ನನಗೆ ಮೊದಲೇ ಗೊತ್ತಿತ್ತು ಡಾಕ್ಟರೇ. ನಾನೇ ಹೇಳಿರಲಿಲ್ಲ.”

ಅವರು ಕನ್ನಡಕ ಹಾಕಿಕೊಳ್ಳುವುದನ್ನು ಮರೆತು ನನ್ನನ್ನು ನೋಡಿದರು. ಅಷ್ಟು ಹತ್ತಿರದಿಂದ, ಅಷ್ಟು ನೇರವಾಗಿ ಯಾರಾದರೂ ನೋಡಿದರೆ ಎಲ್ಲಿ ಕಣ್ಣಿಡಬೇಕೆಂದು ನನಗೆ ಮರೆತೇಹೋಗಿತ್ತು. ಹಾಗಾಗಿ ನಾನೂ ನೋಡಿದೆ.

ಪರದೆ ಸರಿಯಿತು. ಮಗಳು ನೇರವಾಗಿ ಬಂದು ನಮ್ಮಿಬ್ಬರ ನಡುವೆ ನಿಂತಳು. ಈ ಸಲ ನನ್ನ ಕಡೆ ತಿರುಗಲೇ ಇಲ್ಲ. ಡಾಕ್ಟರ ಅಂಗಿಯ ತೋಳು ಹಿಡಿದು ಜಗ್ಗಿದಳು. ನಾನೂ ತಡೆಯಲಿಲ್ಲ.

“ಅಂಕಲ್, ಫ್ರೇಮ್ ಎಲ್ಲಾ ಮುಗಿದ ಮೇಲೆ ನೀವು ದಿನಾ ಬಂದು ಹೋಗ್ತೀರಾ, ಇಲ್ಲಾ ನಮ್ಮನೇಲೇ ಇದ್ದುಬಿಡ್ತೀರಾ?”