ಎರಡು ಗ್ರಾಂ ಉಂಗುರ

ನೀಲಿ ಡಬ್ಬಿಯಲ್ಲಿ ಉಂಗುರ ಇರಲಿಲ್ಲ.

ಸೂಜಿ ಇತ್ತು. ದಾರದ ಉಂಡೆ ಇತ್ತು. ಕೊಂಡಿ ಮುರಿದ ಜಪಸರ ಇತ್ತು. ಬೆನೆಡಿಕ್ಟರ ಮದುವೆಯ ಉಂಗುರ ಮಾತ್ರ ಇರಲಿಲ್ಲ.

"ಇದ್ರಲ್ಲೇ ಇಟ್ಟದ್ದಲ್ವಾ ನೀನು?" ಅವರು ಕೇಳಿದರು.

"ಇಟ್ಟ ಹಾಗೆ ನೆನಪು," ಎಂದರು ಹೆಂಡತಿ ಮೆಟಿಲ್ಡಾ. ಗಂಡನ ಮುಖ ನೋಡಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ. ಕೊಲ್ಲಿ ದೇಶದ ಮಿರ್ದಿಫ್ ಬಡಾವಣೆಯಲ್ಲಿ ಮಗಳು ವೆಲಿಟಾಳ ವಿಲ್ಲಾ. ಹಿಂದಿನ ದಿನವಷ್ಟೇ ಡಾಕ್ಟರು ಬೆನೆಡಿಕ್ಟರ ಹೊಸ ಮಂಡಿಯನ್ನು ಬಗ್ಗಿಸಿ, ಚಾಚಿಸಿ ನೋಡಿ, ಇನ್ನು ಮರಳಿನ ಮೇಲೂ ನಡೆಯಬಹುದು ಎಂದಿದ್ದರು. ಆ ಒಂದು ಮಾತಿಗಾಗಿ ಅವರು ಮೂರು ತಿಂಗಳು ಕಾದಿದ್ದರು.

ಜೆಬೆಲ್ ಅಲಿ ಬಂದರಿನ ಗೋದಾಮೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದ ಮನುಷ್ಯ. ಕಾಣೆಯಾದ ಸರಕನ್ನು ಹುಡುಕುವುದರಲ್ಲಿ ಎತ್ತಿದ ಕೈ. ನಿವೃತ್ತರಾದ ಮೇಲೂ ಆ ಚಟ ಬಿಡಲಿಲ್ಲ. ಒಂದು ಮೆಟಲ್ ಡಿಟೆಕ್ಟರ್ ಕೊಂಡರು. ಸಂಜೆಯಾದರೆ ಮಮ್ಜರ್ ಕಡಲ ತೀರ. ಯಾರೋ ಕಳೆದುಕೊಂಡ ಓಲೆಯೋ ಕೀಲಿಯೋ ಸಿಕ್ಕರೆ ಪೊಲೀಸ್ ಠಾಣೆಗೆ ಒಪ್ಪಿಸಿ, ಲಾಟರಿ ಹೊಡೆದವರಂತೆ ನಗುತ್ತಾ ಮನೆಗೆ ಬರುತ್ತಿದ್ದರು.

ಉಂಗುರ ಬೇಕಾದದ್ದೂ ಅದಕ್ಕೇ. ಪ್ರತಿ ಸಲ ಹೊರಡುವ ಮುಂಚೆ ಅದನ್ನು ಬೆರಳಿನಿಂದ ಬಿಚ್ಚಿ, ಮರದ ಸ್ಟೂಲಿನ ಮೇಲಿಟ್ಟು, ಮೇಲಿಂದ ಯಂತ್ರ ಆಡಿಸುವುದು. ಯಂತ್ರ 'ಕುಂಯ್' ಅಂದರೆ ಸರಿ ಇದೆ ಎಂದರ್ಥ. ಆಪರೇಷನ್ನಿನ ದಿನ ನರ್ಸ್ ಆ ಉಂಗುರ ಬಿಚ್ಚಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಮೆಟಿಲ್ಡಾರ ಕೈಗೆ ಕೊಟ್ಟಿದ್ದರು. ಆಮೇಲೆ ಮೈಯೆಲ್ಲ ಊದಿಕೊಂಡದ್ದರಿಂದ ಬೆನೆಡಿಕ್ಟ್ ಅದನ್ನು ಕೇಳಿರಲಿಲ್ಲ.

"ನಾಳೆಯಿಂದ ಪುನಃ ಮರಳಿಗೆ ಹೋಗುವ ಅಂತಿದ್ದೆ," ಎಂದರು ಬೆನೆಡಿಕ್ಟ್.

ಯಂತ್ರದ ಹೆಸರೆತ್ತಿದರೆ ಸಾಕು, ಮೆಟಿಲ್ಡಾರ ಬೈಗುಳ ಶುರುವಾಗುತ್ತಿತ್ತು. 'ಮರಳು ಕೆದಕುಲಿಕ್ಕೆ ಕೋಳಿಗಳಿಲ್ವಾ, ನೀವೇ ಬೇಕಾ?' ಎನ್ನುವ ಹೆಂಗಸು ಇವತ್ತು ಬಾಯಿ ಬಿಡಲಿಲ್ಲ. ಡಬ್ಬಿ ಮುಚ್ಚಿ ಒಳಗೆ ಹೋದರು. ಉಂಗುರದ ದುಃಖ ಇರಬೇಕು ಅಂದುಕೊಂಡರು ಬೆನೆಡಿಕ್ಟ್.

*

ವೆಲಿಟಾ ಬಾಗಿಲು ಹಾಕಿ ಬಂದಳು.

"ಪಪ್ಪಾ, ಮಮ್ಮಿಗೆ ಈಗಲೇ ಹೇಳ್ಬೇಡಿ. ನಂಗೆ ನಾಗಮಣಿ ಮೇಲೆ ಡೌಟ್."

ನಾಗಮಣಿ ಮನೆಗೆಲಸದವಳು. ಮುಳಬಾಗಿಲಿನ ಕಡೆಯವಳು. ಬೆನೆಡಿಕ್ಟರಿಗಿಂತ ನಾಲ್ಕು ಬೆರಳು ಎತ್ತರ. ಆಸ್ಪತ್ರೆಯಿಂದ ಬಂದ ಮೊದಲ ಮೂರು ವಾರ ಅವರನ್ನು ಹಿಡಿದೆಬ್ಬಿಸಿ ನಡೆಸಿದವಳು ಅವಳೇ.

"ಯಾಕೆ?"

"ಮಂಗಳವಾರ ಮಧ್ಯಾಹ್ನ ನೀವು ಫಿಸಿಯೋಗೆ ಹೋಗ್ತೀರಿ. ಮಮ್ಮಿ ಚರ್ಚಿಗೆ, ನೊವೆನಾ ಪ್ರಾರ್ಥನೆಗೆ. ನಾನು ಆಫೀಸಲ್ಲಿ. ಆ ಟೈಮಲ್ಲಿ ಇವಳು ಉದ್ದದ ಒಂದು ಚೀಲ ಹಿಡ್ಕೊಂಡು ಹೊರಗೆ ಹೋಗ್ತಾಳಂತೆ. ರಸ್ತೆ ಮೂಲೆಯಲ್ಲಿ ಟ್ಯಾಕ್ಸಿ ಹತ್ತುತ್ತಾಳಂತೆ. ಪಕ್ಕದ ಮನೆ ರುಖಿಯಾ ನೋಡಿದ್ದಾರೆ. ಟ್ಯಾಕ್ಸಿ, ಪಪ್ಪಾ! ನಾಳೆಯೇ ಏಜೆನ್ಸಿಗೆ ಫೋನ್ ಮಾಡಿ ವೀಸಾ ಕ್ಯಾನ್ಸಲ್ ಮಾಡಿಸ್ತೇನೆ."

ನಾಗಮಣಿಯ ಮಗಳು ಊರಲ್ಲಿ ನರ್ಸಿಂಗ್ ಎರಡನೇ ವರ್ಷ. ಕಳ್ಳಿ ಎಂಬ ಹೆಸರು ಹೊತ್ತು ವಾಪಸ್ ಹೋದರೆ ತಾಯಿ ಮಗಳಿಬ್ಬರ ಬಾಳೂ ಅಲ್ಲಿಗೇ ನಿಲ್ಲುತ್ತದೆ.

"ಬುಧವಾರದ ತನಕ ತಡಿ ಮಗಾ."

"ಅಷ್ಟರಲ್ಲಿ ಎಂತ ಮಾಡ್ತೀರಿ?"

"ಗೋದಾಮಿನಲ್ಲಿ ಪೆಟ್ಟಿಗೆ ಕಾಣೆಯಾದ್ರೆ ನಾನು ಯಾವತ್ತೂ ಹಮಾಲರ ಚೀಲ ತಡಕ್ಲಿಲ್ಲ. ಪೆಟ್ಟಿಗೆ ಕೊನೆಗೆ ಯಾರ ಕೈಯಲ್ಲಿತ್ತು ಅಂತ ನೋಡ್ತಿದ್ದೆ."

ಹೇಳಿದ ಮೇಲೆ ಆ ಮಾತು ಅವರಿಗೇ ಚುಚ್ಚಿತು. ಕೊನೆಗೆ ಉಂಗುರ ಇದ್ದದ್ದು ಮೆಟಿಲ್ಡಾರ ಕೈಯಲ್ಲಿ.

*

ನಾಗಮಣಿ ಬಟ್ಟೆ ಒಣಹಾಕುತ್ತಿದ್ದಳು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಕೈಗೆ ಏನಾಯ್ತಮ್ಮಾ?"

"ಕೆಲಸ ಮಾಡೋ ಕೈ ಅಲ್ವಾ ಸಾರ್."

"ಬಟ್ಟೆ ಒಗೆಯುಲಿಕ್ಕೆ ಮಷಿನ್ ಉಂಟು. ಪಾತ್ರೆಗೂ ಉಂಟು. ಮಂಗಳವಾರ ಎಲ್ಲಿಗೆ ಹೋಗ್ತೀಯ?"

ಅವಳು ಕೈಯಲ್ಲಿದ್ದ ಅಂಗಿಯನ್ನು ಎರಡು ಸಲ ಕೊಡವಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ಅದೊಂದು ಕೇಳ್ಬೇಡಿ ಸಾರ್. ನಾನು ಏನೂ ಕದ್ದಿಲ್ಲ."

"ನಾನು ಕದ್ದೆ ಅಂದ್ನಾ?"

"ವೆಲಿಟಾ ಮೇಡಂ ಕಣ್ಣಲ್ಲೇ ಅಂತಾವ್ರೆ."

ಬೆನೆಡಿಕ್ಟ್ ಬಕೆಟ್ಟಿನಲ್ಲಿ ಉಳಿದಿದ್ದ ಎರಡು ಟವೆಲ್ ತಾವೇ ಹರವಿ ಒಳಗೆ ಬಂದರು.

*

ಆದರೂ ಒಂದು ದಾರಿಯನ್ನು ಪೂರ್ತಿ ಮುಚ್ಚದೆ ಇನ್ನೊಂದಕ್ಕೆ ಕಾಲಿಡುವವರಲ್ಲ ಅವರು. ಗೆಳೆಯ ಅಮ್ಮಾರ್‌ಗೆ ಫೋನ್ ಮಾಡಿದರು. ಭಟ್ಕಳದ ಅಮ್ಮಾರ್‌ಗೆ ದೇರಾದಲ್ಲಿ ಅತ್ತರಿನ ಅಂಗಡಿ. ಚಿನ್ನದ ಮಾರುಕಟ್ಟೆಯಾದ ಸೂಕ್‌ನಲ್ಲಿ ಅವರ ಮಾತು ನಡೆಯುತ್ತದೆ.

ಭಾನುವಾರ ಸಂಜೆ ಉತ್ತರ ಬಂತು.

"ಬೆನೆಡಿಕ್ಟ್ ಭಾಯ್, ಇಡೀ ಸೂಕ್‌ನಲ್ಲಿ ವಿಚಾರಿಸಿದೆ. ಎರಡು ಗ್ರಾಂ ಉಂಗುರ, ಒಳಗೆ 'ಮೆಟಿಲ್ಡಾ' ಅಂತ ಹೆಸರು. ಯಾರೂ ತಂದಿಲ್ಲ. ಮಾಫಿ, ಇಲ್ಲವೇ ಇಲ್ಲ! ಐಡಿ ತೋರಿಸದೆ ಇಲ್ಲಿ ಯಾರೂ ತಗೊಳ್ಳೋದೂ ಇಲ್ಲ."

"ಹಾಗಾದ್ರೆ ಮಾರಿಲ್ಲ."

"ಎರಡು ಗ್ರಾಮಿಗೆ ಯಾರು ಕದೀತಾರೆ ಮಾರಾಯಾ? ನೀವೂ ಎಂಥ ಉಂಗುರ ಹಾಕ್ಕೊಂಡಿದ್ರಿ!"

ಆ ಕಾಲಕ್ಕೆ ಆದದ್ದು ಅಷ್ಟೇ. ಬೆನೆಡಿಕ್ಟರ ತಾಯಿಯ ಒಂದು ಜೊತೆ ಓಲೆ ಕರಗಿಸಿ ಮಂಗಳೂರಿನ ಅಕ್ಕಸಾಲಿಗ ಎರಡು ಉಂಗುರ ಮಾಡಿದ್ದ. ಒಂದೇ ತೂಕ, ಒಂದೇ ತೆಳುವು. ಒಂದು ಬೆನೆಡಿಕ್ಟರಿಗೆ, ಒಂದು ಮೆಟಿಲ್ಡಾರಿಗೆ. ಮೂವತ್ತೆಂಟು ವರ್ಷ ಹಿಂದೆ.

*

ಸೋಮವಾರ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬೆನೆಡಿಕ್ಟ್ ಸ್ಟೋರ್‌ರೂಮಿಗೆ ಹೋದರು. ಯಂತ್ರದ ಚೀಲ ಎಳೆದರು. ಉದ್ದದ ಚೀಲ.

ಜಿಪ್ ಎಳೆಯುತ್ತಿದ್ದಂತೆ ಅವರ ಕೈ ನಿಂತಿತು. ಇದನ್ನು ಯಾರೋ ಬಳಸಿದ್ದಾರೆ.

ಯಂತ್ರದ ಕೋಲನ್ನು ಎತ್ತರಕ್ಕೆ ತಕ್ಕಂತೆ ಎಳೆದು ಕೂರಿಸುವ ತೂತುಗಳಿವೆ. ಅವರದು ಯಾವಾಗಲೂ ಐದನೆಯದು. ಈಗ ಕೋಲು ಎರಡನೆಯದರಲ್ಲಿ ಕೂತಿತ್ತು. ಕೋಲಿನ ತುದಿಯ ದುಂಡು ತಟ್ಟೆಯ ಸಂದಿನಲ್ಲಿ ಬಿಳಿ ಮರಳು, ಚಿಪ್ಪಿನ ಚೂರು. ಮಿರ್ದಿಫ್‌ನ ಮರಳು ಕೆಂಪು. ಇದು ಕಡಲಿನದು; ಅವರಾದರೆ ಒರೆಸಿಯೇ ಚೀಲಕ್ಕೆ ಹಾಕುತ್ತಿದ್ದರು. ಹೆಡ್‌ಫೋನ್ ಕಿವಿಗಿಟ್ಟರು. ತೆಂಗಿನೆಣ್ಣೆಯ ವಾಸನೆ. ಗುಂಡಿ ಒತ್ತಿದರೆ ಕಿವಿ ಹರಿದುಹೋಗುವಂಥ ಸದ್ದು. ಯಾರೋ ಪೂರ್ತಿ ಏರಿಸಿದ್ದರು.

ತಟ್ಟೆಯನ್ನು ಹೊಸ ಮಂಡಿಯ ಹತ್ತಿರ ತಂದರು. ಒಳಗಿರುವ ಲೋಹಕ್ಕೆ ಯಂತ್ರ 'ಕುಂಯ್ಯೋ' ಎಂದು ಕೂಗಿಕೊಂಡಿತು. ಬೆನೆಡಿಕ್ಟ್ ಒಬ್ಬರೇ ನಕ್ಕರು. ಕಿಸೆಯಲ್ಲಿದ್ದ ಚಾಕೊಲೇಟಿನ ಬೆಳ್ಳಿ ಕಾಗದವನ್ನು ಸ್ಟೂಲಿನ ಮೇಲಿಟ್ಟು ಯಂತ್ರ ಆಡಿಸಿದರು. ಸದ್ದಿಲ್ಲ.

ಆಗ ನೆನಪಾಯಿತು. ಕೊನೆಯ ಸಲ ತೀರಕ್ಕೆ ಹೋದಾಗ ಮಂಡಿ ಪ್ರಾಣ ಹಿಂಡುತ್ತಿತ್ತು. ಜನ ಶವರ್ಮಾ ತಿಂದು ಎಸೆದ ಫಾಯಿಲ್ ಚೂರಿಗೆಲ್ಲ ಯಂತ್ರ ಕೂಗುತ್ತದೆ, ಪ್ರತಿ ಕೂಗಿಗೂ ಬಗ್ಗಬೇಕು. ಆಗದೆ, ಅರ್ಧದಲ್ಲೇ, ಫಾಯಿಲ್ ಸಿಕ್ಕರೆ ಸುಮ್ಮನಿರು ಎಂಬ ಗುಂಡಿ ಒತ್ತಿಬಿಟ್ಟಿದ್ದರು. ಅದು ಹಾಗೆಯೇ ಇತ್ತು. ಅವರೂ ಅದನ್ನು ಹಾಗೆಯೇ ಬಿಟ್ಟು, ಎಲ್ಲವನ್ನೂ ಇದ್ದಂತೆ ಚೀಲಕ್ಕೆ ಸೇರಿಸಿದರು.

ರಾತ್ರಿ ಊಟದ ಹೊತ್ತಿಗೆ ಟಿವಿ ಎಂದಿನಂತೆ ಅಬ್ಬರಿಸುತ್ತಿತ್ತು. ಮೆಟಿಲ್ಡಾರಿಗೆ ಕಿವಿ ಸ್ವಲ್ಪ ದೂರ.

"ಹೋದ ಮಂಗಳವಾರ ನೊವೆನಾಕ್ಕೆ ಯಾರೆಲ್ಲ ಬಂದಿದ್ರು?" ಬೆನೆಡಿಕ್ಟ್ ಗಟ್ಟಿಯಾಗಿ ಕೇಳಿದರು.

"ತುಂಬ ಜನ."

ಅಷ್ಟೇ. ಯಾರು ದಪ್ಪ ಆದರು, ಯಾರ ಮಗನಿಗೆ ಸಂಬಂಧ ಕೂಡಿಬಂತು, ಪಾದ್ರಿಗಳು ಪ್ರಸಂಗ ಎಷ್ಟು ಎಳೆದರು, ಏನೂ ಇಲ್ಲ. ಚರ್ಚಿನಿಂದ ಬಂದ ಮೆಟಿಲ್ಡಾ ಎರಡೇ ಮಾತಿನಲ್ಲಿ ಮುಗಿಸಿದ್ದನ್ನು ಅವರು ಈ ಮೂವತ್ತೆಂಟು ವರ್ಷಗಳಲ್ಲಿ ಕಂಡಿರಲಿಲ್ಲ.

*

ಮಂಗಳವಾರ ಅಮ್ಮಾರ್ ಕಾರು ತಂದರು.

"ಯಲ್ಲಾ, ಹೊರಡಿ, ಫಿಸಿಯೋಗೆ ತಡ ಆಯ್ತು."

"ಇವತ್ತು ಫಿಸಿಯೋ ಖಲಾಸ್. ಮಮ್ಜರ್‌ಗೆ ನಡೀರಿ. ವೆಲಿಟಾಗೂ ಬರ್ಲಿಕ್ಕೆ ಹೇಳಿದ್ದೇನೆ."

ನಾಲ್ಕು ಗಂಟೆ. ಗಾಳಿ ತಂಪಾಗಿತ್ತು. ತೀರದಲ್ಲಿ ಜನ ವಿರಳ. ಆಫೀಸಿನ ಐಡಿ ಕಾರ್ಡು ಕೊರಳಲ್ಲೇ ಇದ್ದ ವೆಲಿಟಾ ಪಾರ್ಕಿಂಗಿನಲ್ಲಿ ಕಾಯುತ್ತಿದ್ದಳು. ಬೆನೆಡಿಕ್ಟ್ ಮಾತಾಡದೆ ಕೈ ತೋರಿಸಿದರು.

ಲೈಫ್‌ಗಾರ್ಡ್ ಗೋಪುರದ ಎದುರು ಇಬ್ಬರು ಹೆಂಗಸರು. ಎತ್ತರದವಳು ಉದ್ದ ಹಿಡಿಯ ಜಾಲರಿ ಸಲಿಕೆಯಿಂದ ಮರಳು ಅಗೆದು ಜರಡಿ ಹಿಡಿಯುತ್ತಿದ್ದಳು. ಗಿಡ್ಡಗಿನವರು ಚರ್ಚಿನ ಸೀರೆ ಉಟ್ಟು, ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿ, ಯಂತ್ರವನ್ನು ಪೊರಕೆಯಂತೆ ಆಡಿಸುತ್ತಿದ್ದರು.

"ಮಮ್ಮಿ?" ಎಂದಳು ವೆಲಿಟಾ.

"ಹೌದು. ಕೋಲು ಎರಡನೇ ತೂತಿನಲ್ಲಿತ್ತು. ನಮ್ಮನೆಯಲ್ಲಿ ಐದಡಿ ಮುಟ್ಟದವಳು ನಿನ್ನ ಮಮ್ಮಿ ಒಬ್ಬಳೇ. ನಾಗಮಣಿ ಹಿಡಿದಿದ್ರೆ ಆರನೇ ತೂತು ಬೇಕಿತ್ತು. ಸದ್ದು ಪೂರ್ತಿ ಏರಿಸಿದ್ದು ಕಿವಿ ಕೇಳದವರು. ನೊವೆನಾಕ್ಕೆ ಹೋದವಳ ಹತ್ತಿರ ಒಂದು ಸುದ್ದಿಯೂ ಇಲ್ಲ. ಹಾಗಾದ್ರೆ ಹೋದದ್ದು ಚರ್ಚಿಗಲ್ಲ. ಮಷಿನ್ ಹಿಡಿದು ಕಡಲಿಗೆ ಬರುವವರು ಯಾಕೆ ಬರ್ತಾರೆ? ಕಳೆದದ್ದನ್ನು ಹುಡುಕ್ಲಿಕ್ಕೆ. ಉಂಗುರ ಕಳವಾಗಿಲ್ಲ ಮಗಾ. ಇಲ್ಲೇ ಬಿದ್ದದ್ದು. ನಾಗಮಣಿ ಚೀಲ ಹೊತ್ತು ತರ್ತಿದ್ದದ್ದು, ಅಗೆದು ಕೈ ಬೊಬ್ಬೆ ಮಾಡಿಕೊಂಡದ್ದು ಇದಕ್ಕೆ."

ವೆಲಿಟಾ ಕೆಳಗೆ ನೋಡಿದಳು.

ಬೆನೆಡಿಕ್ಟ್ ಮರಳಿನ ಮೇಲೆ ಹೆಜ್ಜೆ ಇಟ್ಟರು. ಮೂರು ತಿಂಗಳ ನಂತರ ಮೊದಲ ಸಲ. ಮಂಡಿ ತಾಳಿಕೊಂಡಿತು. ಹಿಂದಿನಿಂದ ಹೋಗಿ ಹೆಂಡತಿಯ ಹೆಡ್‌ಫೋನ್ ಮೆಲ್ಲನೆ ಎತ್ತಿದರು.

ಮೆಟಿಲ್ಡಾ ತಿರುಗಿದರು. ಯಂತ್ರ ಕೈಯಿಂದ ಜಾರಿತು.

"ನಾನೇ ಕಳೆದದ್ದು," ಎಂದು ಅತ್ತುಬಿಟ್ಟರು. "ಆಪರೇಷನ್ ಆದ ರಾತ್ರಿ ನಿಮ್ಮ ಬಿಪಿ ಇಳಿದು ಐಸಿಯುಗೆ ಹಾಕಿದ್ರಲ್ಲ. ಮರುದಿನ ನನ್ನನ್ನು ಒಳಗೆ ಬಿಡ್ಲಿಲ್ಲ. ಎಲ್ಲಿಗೆ ಹೋಗುದು? ನಿಮ್ಮ ಜಾಗಕ್ಕೆ ಬಂದೆ. ನಿಮ್ಮ ಉಂಗುರ ಹೆಬ್ಬೆರಳಿಗೆ ಹಾಕಿಕೊಂಡಿದ್ದೆ. ಇಲ್ಲೇ ಮೊಣಕಾಲೂರಿ ಹರಕೆ ಹೇಳಿದೆ, ಇವರು ಎದ್ದು ಬಂದ್ರೆ ಇನ್ನು ಯಾವತ್ತೂ ಮಷಿನ್‌ಗೆ ಬೈಯುದಿಲ್ಲ ಅಂತ. ಟ್ಯಾಕ್ಸಿಯಲ್ಲಿ ನೋಡ್ತೇನೆ, ಬೆರಳು ಖಾಲಿ. ನೀವು ಹೋದ್ರಿ ಅಂತಲೇ ಅಂದುಕೊಂಡೆ."

"ನಾನು ಬಂದೆನಲ್ಲ. ಆಮೇಲಾದ್ರೂ ಹೇಳ್ಬಹುದಿತ್ತು."

"ಬಾಯಿ ಬರ್ಲಿಲ್ಲ. ಹುಡುಕಿ ಕೊಟ್ಟೇ ಹೇಳುವ ಅಂತ ಹನ್ನೊಂದು ವಾರ ಆಯ್ತು. ನಾಗಮಣಿ ಹತ್ತಿರ ಆಣೆ ಹಾಕಿಸಿಕೊಂಡಿದ್ದೆ."

"ಆ ಆಣೆಗೆ ಅವಳು ಕೆಲಸ ಬಿಡ್ಲಿಕ್ಕೂ ತಯಾರಿದ್ಲು. ಕದ್ದದ್ದು ಅವಳೇ ಅಂತ ನಾಳೆ ಊರಿಗೆ ಕಳಿಸುವವರಿದ್ರು."

ಮೆಟಿಲ್ಡಾ ಮಗಳನ್ನು ನೋಡಿದರು. ವೆಲಿಟಾ ಶೂ ಕಳಚಿದಳು. ನಾಗಮಣಿಯ ಕೈಯಿಂದ ಸಲಿಕೆ ತೆಗೆದುಕೊಂಡಳು.

"ಕೊಡು, ನಾನು ಅಗೀತೇನೆ. ತಪ್ಪಾಯ್ತು ನಾಗಮಣಿ."

"ಅಯ್ಯೋ, ಬಿಡಿ ಮೇಡಂ," ಅಂದಳು ನಾಗಮಣಿ. ಅಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

*

"ಈಗ ನಿಜವಾದ ಅಪರಾಧಿಯನ್ನು ತೋರಿಸ್ತೇನೆ," ಎಂದರು ಬೆನೆಡಿಕ್ಟ್. "ಮೆಟಿಲ್ಡಾ, ನಿನ್ನ ಉಂಗುರ ಕೊಡು."

ಅದನ್ನು ಮರಳಿನ ಮೇಲಿಟ್ಟರು. ಮೇಲಿಂದ ಯಂತ್ರ ಆಡಿಸಿದರು. ಸದ್ದಿಲ್ಲ. ಇನ್ನೊಮ್ಮೆ ಆಡಿಸಿದರು. ಸದ್ದಿಲ್ಲ.

"ಹಾಳಾಗಿದೆಯಾ?" ಅಮ್ಮಾರ್ ಕೇಳಿದರು.

"ಇಲ್ಲ. ಫಾಯಿಲ್ ಸಿಕ್ಕರೆ ಸುಮ್ಮನಿರು ಅಂತ ನಾನು ಹೇಳಿಟ್ಟಿದ್ದೆ, ಮಂಡಿನೋವಿಗೆ ಹೆದರಿ. ಇಷ್ಟು ತೆಳು ಚಿನ್ನವೂ ಮಷಿನ್‌ಗೆ ಫಾಯಿಲ್ ಹಾಗೆಯೇ ಕೇಳ್ತದೆ. ಹನ್ನೊಂದು ವಾರ ಇವಳು ಉಂಗುರದ ಮೇಲೆಯೇ ನಡೆದಿರಬಹುದು. ನನ್ನ ಮಾತು ಕೇಳಿ ಮಷಿನ್ ಬಾಯಿ ಮುಚ್ಚಿಕೊಂಡಿತ್ತು. ಅಪರಾಧಿ ನಾನೇ."

"ನೀವು ಮನೆಯಲ್ಲಿ ಸ್ಟೂಲಿನ ಮೇಲೆ ಉಂಗುರ ಇಟ್ಟು ನೋಡುವಾಗ ನಾನು ಅಡುಗೆಮನೆಯಲ್ಲಿ ಬೈತಾ ಇರ್ತಿದ್ದೆ," ಮೆಟಿಲ್ಡಾ ಮೂಗೊರೆಸಿಕೊಂಡರು. "ಒಂದು ದಿನ ಬಂದು ನೋಡಿದ್ರೆ ಗೊತ್ತಾಗ್ತಿತ್ತು."

ಬೆನೆಡಿಕ್ಟ್ ಗುಂಡಿ ಬದಲಿಸಿದರು. ಮತ್ತೆ ಆಡಿಸಿದರು. 'ಕುಂಯ್' ಎಂದಿತು ಯಂತ್ರ. ಅದನ್ನು ಹೆಂಡತಿಯ ಕೈಗೇ ಕೊಟ್ಟರು.

ಶುರುವಾಯಿತು ಕೂಗು. ಫಾಯಿಲ್. ಸೋಡಾ ಮುಚ್ಚಳ. ಮತ್ತೆ ಫಾಯಿಲ್. ವೆಲಿಟಾ ಅಗೆದಳು, ನಾಗಮಣಿ ಜರಡಿಯಲ್ಲಿ ಕೈಯಾಡಿಸಿದಳು, ಅಮ್ಮಾರ್ ಕಸ ಒಂದು ಚೀಲಕ್ಕೆ ತುಂಬಿದರು. ಹೊತ್ತು ಇಳಿಯುತ್ತಾ ಬಂತು. ಇಪ್ಪತ್ತಮೂರನೇ ಸಲವೋ ಏನೋ, ನಾಗಮಣಿಯ ಕೈ ತಟ್ಟನೆ ನಿಂತಿತು.

"ಅಮ್ಮಾವ್ರೇ."

ಬೊಬ್ಬೆ ಎದ್ದ ಅಂಗೈಯಲ್ಲಿ ಉಂಗುರ. ಕಪ್ಪಾಗಿರಲಿಲ್ಲ, ಸವೆದಿರಲಿಲ್ಲ. ಒಳಗೆ ಹೆಸರು ಹಾಗೆಯೇ ಇತ್ತು.

ಬೆನೆಡಿಕ್ಟರ ಬೆರಳಿನ ಊತ ಪೂರ್ತಿ ಇಳಿದಿರಲಿಲ್ಲ. ಮೆಟಿಲ್ಡಾ ತಿರುವಿ ತಿರುವಿ ಗಂಟು ದಾಟಿಸಿದರು.

"ಇನ್ನು ಮನೆಗೆ ಹೋಗುವನಾ?" ಕೇಳಿದರು ಬೆನೆಡಿಕ್ಟ್.

"ಒಂದು ಸುತ್ತು ಹೊಡೀತೇನೆ. ಕೈ ಈಗಷ್ಟೇ ಹಿಡಿತಕ್ಕೆ ಬಂದದ್ದು."

ಹೆಡ್‌ಫೋನ್ ಏರಿಸಿಕೊಂಡು ಮೆಟಿಲ್ಡಾ ಹೊರಟರು. ಬೆನೆಡಿಕ್ಟ್ ಪಕ್ಕದಲ್ಲೇ ನಡೆದರು. ಹತ್ತು ಹೆಜ್ಜೆಗೊಮ್ಮೆ ಮೆಟಿಲ್ಡಾ ತಟ್ಟೆಯನ್ನು ಮರಳಿನಿಂದ ಎತ್ತಿ ಗಂಡನ ಮಂಡಿಯ ಹತ್ತಿರ ಹಿಡಿಯುತ್ತಿದ್ದರು. ಯಂತ್ರ ಕೂಗಿಕೊಳ್ಳುತ್ತಿತ್ತು.

"ಎಂತ ಮಾಡ್ತಿದ್ದೀ?" ಅವರು ಹೆಂಡತಿಯ ಹೆಡ್‌ಫೋನ್ ಸರಿಸಿ ಕೇಳಿದರು.

"ನೀವು ಇದ್ದೀರಾ ಅಂತ ನೋಡಿದೆ," ಎಂದರು ಮೆಟಿಲ್ಡಾ.