ಗೋವೆಯ ನರ್ತಕಿ, ಹೆಸರು ತಿಳಿದಿಲ್ಲ

ಆ ಪುಸ್ತಕವನ್ನು ಎರಡೂ ಕೈ ಹಚ್ಚಿ ಎತ್ತಬೇಕಿತ್ತು, ಅಷ್ಟು ದಪ್ಪ. ಒಳಗಿನ ಒಂದೊಂದು ಚಿತ್ರವನ್ನೂ ತನ್ನ ಕ್ಯಾಮೆರಾದಲ್ಲಿ ತೆಗೆದುಕೊಟ್ಟವನು ನಯೀಮ. ಕೊನೆಯ ಪುಟದಲ್ಲಿ ಬೈಂಡಿಂಗಿನವನಿಗೆ ಕೃತಜ್ಞತೆ ಇತ್ತು, ಬರೆಯುವಾಗ ಚಹಾ ಮಾಡಿಕೊಟ್ಟ ಅಡುಗೆಯವಳಿಗೂ ಇತ್ತು. ನಯೀಮನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಹೋಗಿ ಕೇಳಿದರೆ ಪುಸ್ತಕ ಬರೆದ ಕುಲಾಸೊ ಬಾಬ, ನಕಲು ತೆಗೆಯುವವನಿಗೆ ಹೆಸರೇಕೆ ಬೇಕಪ್ಪಾ ಎಂದು ಕೊಂಕಣಿಯಲ್ಲಿ ನಕ್ಕುಬಿಟ್ಟ. ಆ ನಗುವಿಗೆ ನಯೀಮನ ಮೈ ಉರಿದುಹೋಯಿತು.

ಕುಲಾಸೊ ಮಡಗಾಂವದ ನಿವೃತ್ತ ವಕೀಲ. ಹಿಂದೆ ಯುರೋಪಿನವರು ಈ ಕಡೆಯ ಹೆಂಗಸರನ್ನು ಬಿಡಿಸಿದ, ಫೋಟೋ ತೆಗೆದ ಚಿತ್ರಗಳನ್ನು ಕೂಡಿಹಾಕುವುದು ಅವನ ಹುಚ್ಚು. ಅಂಥ ಚಿತ್ರಕ್ಕೆ ಕೇಳಿದಷ್ಟು ಕೊಡುವವನು. ಆದರೆ ಒಮ್ಮೆ ಸುಳ್ಳು ಚಿತ್ರ ಹಿಡಿದು ಬಂದ ವ್ಯಾಪಾರಿಯನ್ನು ಮಾತಿನಲ್ಲಿ ಕೂರಿಸಿಕೊಂಡೇ ಪೊಲೀಸರನ್ನು ಕರೆಸಿ, ಜೈಲಿಗೆ ಅಟ್ಟಿದ ಆಸಾಮಿಯೂ ಹೌದು. ಇದು ನಯೀಮನಿಗೆ ಚೆನ್ನಾಗಿ ಗೊತ್ತಿತ್ತು. ಅಂಥದೇ ಒಂದು ಸುಳ್ಳು ಚಿತ್ರ ಮಾಡಿ ಅವನಿಗೇ ಮಾರಲು ಹೋಗಿ ಸಿಕ್ಕಿಬಿದ್ದರೆ ತಾನು ಒಳಗೆ. ವೆರ್ಣಾದಲ್ಲಿ ಅಪ್ಪ ಮಲಂಗಸಾಬ ಕಟ್ಟಿದ ಫೋಟೋ ಸ್ಟುಡಿಯೋಕ್ಕೆ ಬೀಗ. ಗೆದ್ದರೆ ಆ ಮಹಾಪಂಡಿತ ತನ್ನ ಮುಂದಿನ ಪುಸ್ತಕದ ಮುಖಪುಟಕ್ಕೆ ನಯೀಮನ ಫೋಟೋವನ್ನೇ ಹಾಕಿ, ಅದರ ಮುಂದೆ ಕೈಕಟ್ಟಿ ನಿಂತು ಭಾಷಣ ಮಾಡುತ್ತಾನೆ. ಅದನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳಬೇಕೆಂಬ ಆಸೆ ಅವನ ನಿದ್ದೆ ಕೆಡಿಸಿತು.

ಪಾಪಪ್ರಜ್ಞೆ ಅವನನ್ನು ಕಾಡಲಿಲ್ಲ. ಆ ಚಿತ್ರಗಳನ್ನು ಒಂದೊಂದಾಗಿ ಕ್ಯಾಮೆರಾದಡಿ ಹಾಸಿ ನೋಡಿದವನು ಅವನು. ಜನಾನದ ಹೊಸ್ತಿಲನ್ನೂ ಕಾಣದ ಬಿಳಿಯರು ಜನಾನದ ಒಳಗನ್ನು ಕಂಡಂತೆ ಬರೆದಿದ್ದರು. ಕೂಲಿಗೆ ಬಂದ ಹೆಂಗಸಿಗೆ ಬಾಡಿಗೆಯ ಒಡವೆ ಹೇರಿ, ಚಾಪೆಯ ಮೇಲೆ ಒರಗಿಸಿ, ಕೈಗೊಂದು ಹುಕ್ಕಾ ಕೊಟ್ಟರೆ ಆಯಿತು, ಪೂರ್ವದೇಶದ ಸುಂದರಿ ತಯಾರು. ಒಬ್ಬಳೇ ಹೆಂಗಸು ಒಂದು ಚಿತ್ರದಲ್ಲಿ ಬೇಗಂ, ಇನ್ನೊಂದರಲ್ಲಿ ಸೂಳೆ, ಮತ್ತೊಂದರಲ್ಲಿ ದಿಕ್ಕಿಲ್ಲದ ವಿಧವೆ. ಅವಳ ಕಣ್ಣಲ್ಲಿ ಕಾಮ ಕುದಿಯುತ್ತಿದೆ ಎಂದು ಪ್ರವಾಸಿ ಮಹಾಶಯರು ಪುಟಗಟ್ಟಲೆ ಬರೆದಿದ್ದರು. ನಯೀಮನಿಗೆ ಅಲ್ಲಿ ಕಂಡದ್ದು, ಇದು ಯಾವಾಗ ಮುಗಿದೀತೋ ಎಂಬ ಬೇಸರ ಮಾತ್ರ. ಮೊದಲೇ ಸುಳ್ಳಾಗಿದ್ದಕ್ಕೆ ಇನ್ನೊಂದು ಸುಳ್ಳು ಸೇರಿಸಿದರೆ ಯಾರ ಗಂಟು ಹೋಗುತ್ತದೆ?

ಚಹಾ ಸವರಿ ಕಾಗದ ಹಳೆಯದು ಮಾಡುವುದು ಅಡ್ನಾಡಿಗಳ ಕೆಲಸ ಎಂದು ಅವನ ತಿರಸ್ಕಾರ. ಅವನು ಮುಂಬೈಯ ಹಳೆ ಸಾಮಾನಿನ ಬಜಾರಿನಿಂದ ನೂರೈವತ್ತು ವರ್ಷದ ಹಿಂದಿನ ಹಿತ್ತಾಳೆಯ ಲೆನ್ಸ್ ತಂದ. ರದ್ದಿಯವರ ಬಳಿ ಸಿಕ್ಕ ಹಳೆ ಪುಸ್ತಕಗಳಿಂದ ಬರೆಯದ ಹಾಳೆಗಳನ್ನು ಬಿಡಿಸಿಕೊಂಡ. ಆಗಿನವರಂತೆಯೇ ಗಾಜಿನ ತಟ್ಟೆಗೆ ಔಷಧಿ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಇರುವಾಗಲೇ ಚಿತ್ರ ಹಿಡಿಯುವುದನ್ನು ಕಲಿತ. ಮೊಟ್ಟೆಯ ಬಿಳಿ ಬಳಿದ ಕಾಗದದ ಮೇಲೆ ಅದನ್ನು ಬಿಸಿಲಿಗಿಟ್ಟು ಮೂಡಿಸಿದ. ಇಷ್ಟೆಲ್ಲ ಕೈಗೂಡುವ ಹೊತ್ತಿಗೆ ಬೇಸಿಗೆ ಬಂದಿತ್ತು.

ಚಿತ್ರದ ಹೆಂಗಸಾಗಿ ಅವನು ಆರಿಸಿದ್ದು ಸಾಂಕೋಲೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ಹನುಮವ್ವನನ್ನು. ಇಟ್ಟಿಗೆ ಹೊತ್ತು ನೆಟ್ಟಗಾದ ಕತ್ತು, ಯಾರನ್ನೂ ಲೆಕ್ಕಕ್ಕಿಡದ ಕಣ್ಣು. ಜ್ಯೂವೆಲರಿ ಅಂಗಡಿಯ ಕ್ಯಾಲೆಂಡರಿಗೆ ಎಂದು ಸುಳ್ಳು ಹೇಳಿ ಕರೆಸಿದ. ಮಿಲ್ಲಿನ ನೇಯ್ಗೆ ಇರಬಾರದೆಂದು ತನ್ನ ಅಜ್ಜಿಯ ಕೈಮಗ್ಗದ ಇಳಕಲ್ ಸೀರೆ ಉಡಿಸಿದ. ಕೂದಲಿನ ಕ್ಲಿಪ್ಪು, ಸೆರಗಿನ ಪಿನ್ನು ತೆಗೆಸಿದ. ತೋಳಿನ ಲಸಿಕೆಯ ಕಲೆ ಕಾಣದಂತೆ ಸೆರಗು ಹೊದಿಸಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಕೊನೆಗೆ ಆ ಚಿತ್ರಗಳಲ್ಲಿ ಎಲ್ಲ ಸುಂದರಿಯರೂ ಕೂರುವಂತೆ, ವಿರಹ ತುಂಬಿ ತುಳುಕಲೆಂದು, ಅವಳ ಎಡಗೈಯ ತೋರುಬೆರಳನ್ನು ತಾನೇ ಹೇಳಿ ಕೆನ್ನೆಯ ಮೇಲೆ ಇರಿಸಿದ.

“ಹಲ್ಲು ನೋವಿದ್ದೋರಂಗ ಕುಂದರು ಅಂತೀರಲ್ರಿ ನಯೀಮಣ್ಣ,” ಎಂದು ಹನುಮವ್ವ ನಕ್ಕಳು. “ಇಂಥಾ ಫೋಟೋ ನೋಡಿ ಬಂಗಾರ ಯಾರ್ ತಗೋತಾರ್ರಿ?”

“ತಗೋತಾರ, ಭಾಳ ಮಂದಿ ತಗೋತಾರ. ಅಲುಗಾಡಬ್ಯಾಡ್ರಿ ಅಕ್ಕಾ, ಉಸುರು ಸೈತ ಬಿಡಬ್ಯಾಡ್ರಿ.”

“ನನ್ನ ಹೆಸರು ಹಾಕ್ತಾರೇನ್ರಿ ಅದರಾಗ?”

“ಹಾಕದ ಏನ್ರಿ? ದೊಡ್ಡ ಅಕ್ಷರದಾಗ ಹಾಕಸ್ತೇನಿ.”

ಅವಳು ಕಲ್ಲಿನಂತೆ ಕೂತಳು. ಮುಖದಲ್ಲಿ ಬೇಸರ ತಾನಾಗಿ ಬಂತು. ಚಿತ್ರ ಮೂಡಿದಾಗ ನಯೀಮನಿಗೇ ರೋಮಾಂಚನವಾಯಿತು. ಹಿಂಬದಿಗೆ ಪೆನ್ಸಿಲ್ಲಿನಲ್ಲಿ, ನರ್ತಕಿಯರಿಗೆ ಪೋರ್ತುಗೀಜರು ಹೇಳುತ್ತಿದ್ದ ‘ಬೈಲಾದೇರಾ’ ಎಂಬ ಒಂದೇ ಪದ ಬರೆದ. ಹನುಮವ್ವನ ಹೆಸರು ಅವನಿಗೆ ನೆನಪಾಗಲೇ ಇಲ್ಲ. ತನ್ನ ಹೆಸರು ಬಿಟ್ಟರೆಂದು ಊರೆಲ್ಲ ಗೋಳಾಡಿದ ಮನುಷ್ಯ!

ಚಿತ್ರದ ಜೊತೆ ದಡ್ಡನ ವೇಷ ಹಾಕಿಕೊಂಡು ಅವನು ಕುಲಾಸೊನ ಮನೆಗೆ ಹೋದ. ಹಳೆ ಮನೆ ಕೆಡವುವಲ್ಲಿ ಸಿಕ್ಕಿತು ಬಾಬ, ಏನಾದರೂ ಬಂದೀತೇ ನೋಡಿ, ಎಂದು ತಲೆ ಕೆರೆದುಕೊಂಡ. ನಕಲು ತೆಗೆಯುವವನಿಗೆ ಅಸಲನ್ನು ಹುಟ್ಟಿಸಲು ಬಂದೀತೆಂದು ಆ ಗರ್ವಿಷ್ಠ ಕನಸಿನಲ್ಲೂ ಎಣಿಸಲಾರ. ಇಡೀ ಹೂಟ ನಿಂತಿದ್ದು ಈ ನಂಬಿಕೆಯ ಮೇಲೆ. ಅದು ಸುಳ್ಳಾಗಲಿಲ್ಲ. ಕುಲಾಸೊ ಕಾಗದ ಮೂಸಿದ, ಬೆಳಕಿಗೆ ಹಿಡಿದ, ಅಂಚಿನ ಮಸುಕನ್ನು ನೋಡಿ ಆಹಾ ಎಂದ. ಸಾವಿರದ ಎಂಟುನೂರ ಅರವತ್ತರ ಆಸುಪಾಸು ಎಂದು ತೀರ್ಪು ಕೊಟ್ಟ. ಈ ಕಣ್ಣುಗಳನ್ನು ನೋಡು, ಪ್ರಿಯಕರನಿಗಾಗಿ ಹೇಗೆ ಕಾಯುತ್ತಿವೆ, ಎಂದು ಉಸಿರೆಳೆದ. ನಯೀಮ ಕೆಮ್ಮಿನಲ್ಲಿ ನಗು ನುಂಗಿದ. ಮುದುಕ ಚೆಕ್ ಬರೆಯಲು ಪೆನ್ನು ತರಿಸಿದ.

ಪೆನ್ನು ಬರುವವರೆಗೆ ಇನ್ನೊಮ್ಮೆ ಮುಖ ನೋಡೋಣವೆಂದು ಕುಲಾಸೊ ಚಿತ್ರವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಭೂತಗನ್ನಡಿಯನ್ನು ಕೆನ್ನೆಯ ಹತ್ತಿರ ಒಯ್ದ. ಅಲ್ಲೇ ನಿಂತುಬಿಟ್ಟ. ಅವನ ಕಣ್ಣು ನರ್ತಕಿಯ ಬೆರಳಿನಿಂದ ಕಾಗದ ಹಿಡಿದ ತನ್ನದೇ ತೋರುಬೆರಳಿಗೆ ಹೋಯಿತು, ಮತ್ತೆ ಅವಳ ಬೆರಳಿಗೆ ಬಂತು. ಎರಡರಲ್ಲೂ ಉಗುರಿನಿಂದ ಮೊದಲ ಗೆಣ್ಣಿನ ಕಡೆಗೆ ಎಳೆದ ಅದೇ ಕಪ್ಪು ಗೆರೆ. ಹನುಮವ್ವ ಫೋಟೋಗೆ ಕೂರುವ ಹಿಂದಿನ ದಿನವಷ್ಟೇ ಪಾರ್ಟಿಯವರ ಬಸ್ಸಿನಲ್ಲಿ ಊರಿಗೆ ಹೋಗಿ ಬಂದಿದ್ದಳು. ತಿಂಗಳುಗಟ್ಟಲೆ ಬೆಳ್ಳಿಯ ದ್ರಾವಣದಲ್ಲಿ ಅದ್ದಿ ತನ್ನ ಹತ್ತೂ ಬೆರಳು ಕಪ್ಪಾಗಿದ್ದ ನಯೀಮನಿಗೆ ಇನ್ನೊಂದು ಕಪ್ಪು ಉಗುರು ಕಣ್ಣಿಗೇ ಬಿದ್ದಿರಲಿಲ್ಲ. ಮುದುಕ ಭೂತಗನ್ನಡಿ ಇಟ್ಟು ಫೋನು ಕೈಗೆತ್ತಿಕೊಂಡ, ನಂಬರ್ ಒತ್ತುತ್ತಲೇ ಬಲು ಮೃದುವಾಗಿ ಕೇಳಿದ: “ನಯೀಮ, ನಿನ್ನ ಈ ನರ್ತಕಿ ಯಾರಿಗೆ ವೋಟು ಹಾಕಿದಳಂತೆ?”