ಮತ್ತೆ ಬರುವ ತಾರೀಖು

“ಆ ಸಾಲು ಮತ್ತ ಯಾಕ ತೆಗದ್ರಿ?”

ಲ್ಯಾಪ್‌ಟಾಪ್ ಪರದೆಯಲ್ಲಿ ಮಂಥನ್ ಮುಖ ಗಂಟಿಕ್ಕಿಕೊಂಡಿದ್ದ. ಗಗನಾಗೆ ಪಿತ್ತ ನೆತ್ತಿಗೇರಿತು.

ಕೇರಿಗಳಿಗೆ ಹೋಗಿ ಜನರ ಜೊತೆ ಕಲಿಯುವ ವಿದ್ಯಾರ್ಥಿಗಳಿಗಾಗಿ ಅಹಮದಾಬಾದಿನ ವಿಶ್ವವಿದ್ಯಾಲಯವೊಂದು ಆನ್‌ಲೈನ್ ಪಾಠಗಳನ್ನು ಮಾಡಿಸುತ್ತಿತ್ತು. ಮೈಸೂರಿನ ಗಗನಾ ಈಗ ಅಹಮದಾಬಾದಿನಲ್ಲೇ, ಬೋಪಾಲ್ ಎಂಬ ಬಡಾವಣೆಯ ಬಾಡಿಗೆ ಮನೆಯಲ್ಲಿ ಕೂತು ಪಾಠ ತಯಾರಿಸುವವಳು. ಹುಬ್ಬಳ್ಳಿಯ ಮಂಥನ್ ಸೂರತ್‌ನ ಉಧ್ನಾದಲ್ಲಿ, ಸೀರೆಗೆ ಮಿನುಗುವ ಕಲ್ಲು ಅಂಟಿಸುವ ಹೆಂಗಸರ ಓಣಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವವನು. ಅವನು ಒಪ್ಪದೆ ಪಾಠ ವೆಬ್‌ಸೈಟಿಗೆ ಏರುವಂತಿರಲಿಲ್ಲ.

ಜಗಳವೆಲ್ಲ ಒಂದೇ ಸಾಲಿಗೆ: ‘ಹೊರಡುವ ಮುನ್ನ, ಮತ್ತೆ ಬರುವ ತಾರೀಖನ್ನು ಆ ಜನರಿಗೆ ಹೇಳಿ.’

“ಪಾಠ ಉದ್ದ ಆಗುತ್ತೆ ರೀ. ‘ಮತ್ತೆ ಬರ್ತೀವಿ’ ಅಂದ್ರೆ ಸಾಲ್ದಾ?”

“ನೀವೂ ಹಂಗ ಅಂದು ಹೋಗಿದ್ರಿ,” ಎಂದವನೇ ಕರೆ ಮುಗಿಸಿದ.

ಅವಳ ಎದೆಗೆ ಚುಚ್ಚಿತು. ಹೌದು... ಎರಡು ತಿಂಗಳ ಹಿಂದೆ ಪಾಠಕ್ಕಾಗಿ ವಿಡಿಯೊ ತೆಗೆಯಲು ಆ ಓಣಿಗೆ ಹೋಗಿದ್ದಳು. ಅವನ ನಗು, ಅವನು ಓಡಿಹೋಗಿ ತಂದುಕೊಟ್ಟ ಸೂರತ್‌ನ ಬಿಸಿ ಬಿಸಿ ತಿಂಡಿ ಲೋಚೊ... ಮನಸ್ಸನ್ನು ಅಲ್ಲೇ ಬಿಟ್ಟು ಬಂದಿದ್ದಳು. ಆಮೇಲೆ ಅವನಿಂದ ಬಂದದ್ದು ಬರೀ ತಿದ್ದುಪಡಿ. ‘ನನ್ನ ಕಂಡರೇ ಆಗಲ್ಲ ಇವನಿಗೆ’ ಎಂದುಕೊಂಡು ಸುಮ್ಮನಾಗಿದ್ದಳು ಪೆದ್ದಿ!

ಶನಿವಾರ ಬೆಳಗಿನ ರೈಲು ಹತ್ತಿದಳು.

ಓಣಿಯಲ್ಲಿ ಕಲ್ಲು ಅಂಟಿಸುತ್ತಿದ್ದ ಕಮಲಾಬೆನ್ ತಲೆಯೆತ್ತಿ ಹಿಂದಿಯಲ್ಲೇ ಶುರುವಿಟ್ಟುಕೊಂಡಳು. “ಬಂದೆಯಾ ಮಗಳೇ? ವಿಡಿಯೊ ತೋರಿಸ್ತೀನಿ ಅಂದು ಹೋದವಳು... ನಾವು ಆಸೆ ಬಿಟ್ಟಿದ್ವಿ. ಮಂಥನ್‌ಭಾಯ್ ಮಾತ್ರ ಪ್ರತಿ ಶನಿವಾರ ಈ ಕಟ್ಟೆ ಮೇಲೆ ಕೂತು ನಿನ್ನ ದಾರಿ ನೋಡ್ತಿದ್ದ.”

ಗಗನಾ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಅಲ್ಲೇ ನೆಲದ ಮೇಲೆ ಕೂತು ವಿಡಿಯೊ ಹಾಕಿದಳು. ತಮ್ಮನ್ನು ತಾವೇ ಕಂಡು ಹೆಂಗಸರು ಬಿದ್ದು ಬಿದ್ದು ನಕ್ಕರು. ನಗು ಮುಗಿಯುವಷ್ಟರಲ್ಲಿ ಅವಳು ಆ ಸಾಲನ್ನು ಪಾಠದ ಮೊದಲಿಗೇ ಸೇರಿಸಿದ್ದಳು. ಹಿಂದೆ ಮಂಥನ್ ನಿಂತಿದ್ದ.

“ಈಗ ಒಪ್ಪಿಗೆನಾ?”

“ಪಾಠಕ್ಕ ಒಪ್ಪಿಗಿ,” ಎಂದ, ಅವಳನ್ನೇ ನೋಡುತ್ತಾ.

ಸಂಜೆ ಅವಳನ್ನು ರೈಲು ಹತ್ತಿಸಲು ಅವನು ಉಧ್ನಾ ಸ್ಟೇಷನ್ನಿಗೆ ಬಂದ.

“ಮತ್ತೆ ಯಾವಾಗ ಅಂತ ಕೇಳಲ್ವಾ?” ಅವಳೇ ಕೆಣಕಿದಳು.

“ಕೇಳಾಕ ಅಂಜಿಕಿ ಆಗ್ತೈತಿ. ನಾ ದಾರಿ ನೋಡಿದ್ದು ವಿಡಿಯೊದ್ದಲ್ಲ ರೀ... ನಿಮ್ಮದು.”

ಗಗನಾಳ ಕಣ್ಣು ತುಂಬಿ ಬಂತು. ಎಷ್ಟು ದಿನದಿಂದ ಕಾದಿದ್ದಳು ಈ ಮಾತಿಗೆ!

“ಮುಂದಿನ ಶನಿವಾರ. ಹದಿನೆಂಟನೇ ತಾರೀಖು, ಹನ್ನೊಂದು ಗಂಟೆಗೆ. ಕಮಲಾಬೆನ್‌ಗೂ ಹೇಳಿ ಬಂದಿದೀನಿ.”

“ಆಮ್ಯಾಲ?”

“ಆಮೇಲಿನದನ್ನ ಮೈಸೂರಿಗೆ ಬಂದು ನಮ್ಮಪ್ಪನ್ನ ಕೇಳಿ,” ಎಂದು ಅವನ ಕೈಹಿಡಿದಳು. “ಬರೋ ತಾರೀಖು ಮಾತ್ರ ಈಗಲೇ ಹೇಳಿ.”